ಕರೆದರೆ ಎಷ್ಟೊತ್ತಿಗೆ ಬರ್ತೀಯ?

ಮೂವತ್ತೆರಡು ವರ್ಷ ನಾನು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಟೀಚರಾಗಿದ್ದೆ. ಗಣಿತದಲ್ಲಿ ವರ್ಷ ತಪ್ಪದೆ ಬರುತ್ತಿದ್ದ ಪಾಠವೊಂದಿತ್ತು, ‘ದೂರ, ವೇಗ, ಕಾಲ’. ದೂರವನ್ನು ವೇಗದಿಂದ ಭಾಗಿಸಿದರೆ ಕಾಲ. ಹೊಸಕೋಟೆಯಿಂದ ಹೊರಟ ಬಸ್ಸು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಚಲಿಸಿದರೆ 60 ಕಿಲೋಮೀಟರ್ ಕ್ರಮಿಸಲು ಎಷ್ಟು ಹೊತ್ತು ಬೇಕು? ಒಂದು ಸಲ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಟೀಚರ್, ದಾರೀಲಿ ಬಸ್ಸು ಪಂಕ್ಚರ್ ಆದ್ರೆ?’ ಎಂದು ಕೇಳಿದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ‘ಲೆಕ್ಕದ ಬಸ್ಸು ಪಂಕ್ಚರ್ ಆಗಲ್ಲ, ಕೂತ್ಕೋ’ ಎಂದು ಗದರಿಸಿ ಕೂರಿಸಿದ್ದೆ. ಆ ಹುಡುಗನ ಪ್ರಶ್ನೆಯಲ್ಲಿ ನನ್ನ ಲೆಕ್ಕಕ್ಕಿಂತ ಹೆಚ್ಚು ಬುದ್ಧಿಯಿತ್ತೆಂದು ತಿಳಿಯಲು ನಾನು ನಿವೃತ್ತಳಾಗಿ, ಒಮ್ಮೆ ಭೂಮಿಯ ಆಚೆ ಬದಿಗೆ ಹೋಗಿಬರಬೇಕಾಯಿತು.

ನಮ್ಮದು ಸೂಲಿಬೆಲೆ. ಹೊಸಕೋಟೆ ತಾಲ್ಲೂಕಿನ ಹೋಬಳಿ. ಹೊಸಕೋಟೆಯಿಂದ ದೇವನಹಳ್ಳಿಗೆ ಹೋಗುವ ಹೆದ್ದಾರಿಯ ಮೇಲಿದೆ. ರಾಗಿ, ಹಿಪ್ಪುನೇರಳೆ, ದ್ರಾಕ್ಷಿ, ಮನೆಗೊಂದೆರಡು ಸೀಮೆಹಸು – ಇಷ್ಟರಲ್ಲಿ ಬದುಕು ನಡೆಯುತ್ತಿದ್ದ ಊರು. 2008ರ ಮೇ 24ರಂದು ದೇವನಹಳ್ಳಿಯ ಹತ್ತಿರ ಹೊಸ ವಿಮಾನ ನಿಲ್ದಾಣ ಶುರುವಾಯಿತು ನೋಡಿ, ಅಂದಿನಿಂದ ನಮ್ಮ ಆಕಾಶ ನಮ್ಮದಾಗಿ ಉಳಿಯಲಿಲ್ಲ. ಅಲ್ಲಿನ ರನ್‌ವೇ ಪೂರ್ವ ಪಶ್ಚಿಮವಾಗಿದೆ, ನಾವಿರುವುದು ಅದರ ಪೂರ್ವಕ್ಕೆ. ಗಾಳಿ ಪಶ್ಚಿಮದಿಂದ ಬೀಸುವ ದಿನಗಳಲ್ಲಿ ವಿಮಾನಗಳು ನಮ್ಮ ಕಡೆಯಿಂದಲೇ ಚಕ್ರ ಬಿಟ್ಟುಕೊಂಡು ಇಳಿಯಲು ಹೋಗುತ್ತವೆ. ರಸ್ತೆಯಲ್ಲಿ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್, ಕಾರಿನಲ್ಲಿ ಮುಕ್ಕಾಲು ಗಂಟೆ. ಇಷ್ಟು ಹತ್ತಿರವಿದ್ದರೂ ಹದಿನೈದು ವರ್ಷ ನಮ್ಮ ಮನೆಯ ಯಾರೂ ಅದರ ಒಳಗೆ ಕಾಲಿಟ್ಟಿರಲಿಲ್ಲ. ಮಗಳನ್ನು ಕಳಿಸಲು ಹೋದಾಗಲೂ ಬಾಗಿಲಲ್ಲಿ ನಿಂತು ಕೈಬೀಸಿ ಬಂದವರೇ.

ಯಜಮಾನರು ತೀರಿಕೊಂಡ ಮೇಲೆ ನಾನು ತಮ್ಮನ ಮನೆಯ ಪಕ್ಕದಲ್ಲೇ ಒಂದು ಪುಟ್ಟ ಮನೆ ಮಾಡಿಕೊಂಡಿದ್ದೇನೆ. ಅಮ್ಮ ಇದ್ದುದು ತಮ್ಮನ ಜೊತೆ. ಬೆಳಿಗ್ಗೆ ಎದ್ದು ಜಗುಲಿಯ ಮೇಲೆ ಕೂತರೆ ಸೊಪ್ಪು ಸೋಸುವುದು, ಕಾಳು ಬಿಡಿಸುವುದು, ಹೋಗಿಬರುವವರನ್ನು ಮಾತಾಡಿಸುವುದು. ತಲೆಯ ಮೇಲೆ ವಿಮಾನ ಬಂದಾಗಲೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುವಳು. ‘ಇದರಲ್ಲಿ ಯಾರ ಮಕ್ಕಳು ಬಂದರೋ’ ಎನ್ನುವಳು. ಅವಳ ಪಾಲಿಗೆ ವಿಮಾನವೆಂದರೆ ಯಾರದೋ ಮಕ್ಕಳನ್ನು ತರುವ, ಒಯ್ಯುವ ಬಸ್ಸು.

ಆ ಬಸ್ಸು ನನ್ನ ಮಗಳನ್ನೂ ಒಯ್ದಿತ್ತು. ಗಂಡನ ಕೆಲಸದ ಮೇಲೆ ಹೋಗಿ ಕ್ಯಾಲಿಫೋರ್ನಿಯದ ಸನಿವೇಲ್‌ನಲ್ಲಿ ನೆಲೆಸಿದ್ದಳು. 2023ರಲ್ಲಿ ಅವಳು ಗರ್ಭಿಣಿಯಾದಾಗ ಬಾಣಂತನಕ್ಕೆ ನಾನೇ ಹೋಗಬೇಕೆಂದಾಯಿತು. ಸೆಪ್ಟೆಂಬರಿನ ಒಂದು ಬುಧವಾರಕ್ಕೆ ಟಿಕೆಟ್ಟಾಯಿತು. ಬೆಂಗಳೂರಿನಿಂದ ಸಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನ. ನಡುವೆ ಎಲ್ಲೂ ಇಳಿದು ಹತ್ತುವ ತಾಪತ್ರಯವಿಲ್ಲ. ಒಂಟಿ ಹೆಂಗಸು, ಇಂಗ್ಲಿಷು ಅಷ್ಟಕ್ಕಷ್ಟೆ, ಎಂದು ಅಳಿಯನೇ ಹುಡುಕಿ ಕೊಡಿಸಿದ್ದ.

ತಮ್ಮ ಟಿಕೆಟ್ ಓದಿ ಅಮ್ಮನಿಗೆ ಹೇಳಿದ: ‘ಬುಧವಾರ ಮಧ್ಯಾಹ್ನ ಎರಡೂಕಾಲಿಗೆ ಇಲ್ಲಿ ಬಿಡ್ತದೆ. ಬುಧವಾರ ಸಾಯಂಕಾಲ ಐದೂ ಮುಕ್ಕಾಲಿಗೆ ಅಲ್ಲಿ ಇಳೀತದೆ.’

ಅಮ್ಮ ಬೆರಳು ಮಡಿಸಿ ಎಣಿಸಿದಳು. ‘ಮೂರೂವರೆ ಗಂಟೆನಾ? ಇದಕ್ಕೇನಾ ಇಷ್ಟು ರಂಪ ಮಾಡ್ತಿರೋದು! ನಾನು ಹೊಸಕೋಟೆ ಆಸ್ಪತ್ರೆಗೆ ಹೋಗಿ ಬರಾಕೆ ಅಷ್ಟೊತ್ತು ಬೇಕು.’

ನಕ್ಕೆವು. ನಗು ಮುಗಿದ ಮೇಲೆ ನನಗೆ ಟೀಚರ್‌ಗಿರಿ ನೆನಪಾಯಿತು. ಆ ಊರಿನ ಗಡಿಯಾರ ಸೆಪ್ಟೆಂಬರಿನಲ್ಲಿ ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ. ಮೂರೂವರೆಗೆ ಹನ್ನೆರಡೂವರೆ ಸೇರಿಸಿದರೆ ಹದಿನಾರು ಗಂಟೆ. ಅದೇ ನಿಜವಾದ ಪ್ರಯಾಣ. ಮೊಮ್ಮಕ್ಕಳ ಹಳೆಯ ಗ್ಲೋಬು ಅಟ್ಟದ ಮೇಲಿತ್ತು. ತೆಗೆದು ಧೂಳು ಒರೆಸಿ, ಅಮ್ಮನ ಮುಂದಿಟ್ಟು, ಒಂದು ದಾರ ಹಿಡಿದು ತೋರಿಸಿದೆ. ಗೋಡೆಯ ಮೇಲಿನ ಭೂಪಟ ನೋಡಿದರೆ ಅಮೆರಿಕಕ್ಕೆ ಅಡ್ಡಡ್ಡವಾಗಿ ಹೋಗಬೇಕು ಅನಿಸುತ್ತದೆ. ಗುಂಡನೆಯ ಭೂಮಿಯ ಮೇಲೆ ದಾರ ಬಿಗಿಯಾಗಿ ಎಳೆದರೆ ಅದು ಬೇರೆಯೇ ದಾರಿ ಹಿಡಿಯುತ್ತದೆ. ಬೆಂಗಳೂರಿನಿಂದ ಉತ್ತರಕ್ಕೆ, ಹಿಮಾಲಯ ಹತ್ತಿ, ಟಿಬೆಟ್ ದಾಟಿ, ಸೈಬೀರಿಯದ ಉತ್ತರ ತುದಿಯ ಹಿಮಸಮುದ್ರ ಮುಟ್ಟಿ, ಅಲಾಸ್ಕದ ಮೇಲೆ ಕೆಳಗಿಳಿಯುತ್ತದೆ. ಅದೇ ಅತಿ ಹತ್ತಿರದ ದಾರಿ. ಅದರ ಉದ್ದ 13,993 ಕಿಲೋಮೀಟರ್. ವಿಮಾನದ ವೇಗ ಗಂಟೆಗೆ 900 ಕಿಲೋಮೀಟರ್ ಎಂದಿಟ್ಟುಕೊಂಡು ಭಾಗಿಸಿದರೆ ಹದಿನೈದೂವರೆ ಗಂಟೆ.

ಆದರೆ ಲೆಕ್ಕದ ದಾರ ಹೋದ ದಾರಿಯಲ್ಲೇ ವಿಮಾನ ಹೋಗುವುದಿಲ್ಲ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ನದಿಯೊಂದು ಹರಿಯುತ್ತಿರುತ್ತದೆ. ಕೆಲವು ಕಡೆ ಅದರ ವೇಗ ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು. ಪೂರ್ವಕ್ಕೆ ಹೋಗುವವರು ಆ ಪ್ರವಾಹಕ್ಕೆ ಬಿದ್ದು, ದಾರಿ ಸುತ್ತಾದರೂ ಬೇಗ ತಲುಪುತ್ತಾರೆ. ಎದುರಾಗಿ ಬರುವವರು ಅದನ್ನು ತಪ್ಪಿಸಿಕೊಂಡು ಬರಬೇಕು. ಇದೇ ಎರಡು ಊರುಗಳ ನಡುವಣ ಮೊದಲ ನೇರ ವಿಮಾನ 2021ರ ಜನವರಿಯಲ್ಲಿ ಬಂದಿದ್ದು ನಿಮಗೆ ನೆನಪಿರಬಹುದು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತವರ ಜೊತೆಯ ಪೈಲಟ್‌ಗಳೆಲ್ಲ ಹೆಂಗಸರೇ. ಏರ್ ಇಂಡಿಯಾದ ಆ ಬೋಯಿಂಗ್ 777 ವಿಮಾನವನ್ನು ಅವರು ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬಂದಿದ್ದರು. ಸುಮಾರು 16,000 ಕಿಲೋಮೀಟರ್ ದಾರಿ, ಹದಿನೇಳು ಗಂಟೆಯ ಹಾರಾಟ. 9ನೇ ತಾರೀಕು ರಾತ್ರಿ ಅಲ್ಲಿ ಬಿಟ್ಟು 11ನೇ ತಾರೀಕು ನಸುಕಿನಲ್ಲಿ ಇಲ್ಲಿ ಇಳಿದರು. ನಡುವಿನ ಒಂದು ತಾರೀಕನ್ನು ಗಡಿಯಾರವೇ ನುಂಗಿಹಾಕಿತ್ತು.

ಇದನ್ನೆಲ್ಲ ಅಮ್ಮ ಗಮನವಿಟ್ಟು ಕೇಳಿದಳು. ದಾರವನ್ನು ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಕೇಳಿದಳು:

‘ಅದೆಲ್ಲ ಇರಲಿ ಕಣೆ. ಕರೆದರೆ ಎಷ್ಟೊತ್ತಿಗೆ ಬರ್ತೀಯ?’

‘ಒಂದು ದಿನ ಅಂತ ಇಟ್ಕೋ ಅಮ್ಮ.’

‘ಒಂದು ದಿನ’ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ‘ಪರವಾಗಿಲ್ಲ. ಹತ್ರಾನೇ ಐತೆ.’

ಅವಳು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಅಮ್ಮನ ತವರು ನಂದಗುಡಿ ಕಡೆಯ ಒಂದು ಹಳ್ಳಿ. ನಮ್ಮೂರಿಗೆ ಹತ್ತು ಹನ್ನೆರಡು ಮೈಲಿ. ಈಗ ಮೋಟಾರ್ ಬೈಕಿನಲ್ಲಿ ಅರ್ಧ ಗಂಟೆ. ನನಗೆ ಆರು ವರ್ಷವಿದ್ದಾಗ, ಅಂದರೆ 1965ರ ಸುಮಾರಿಗೆ, ಅಮ್ಮನ ತಾಯಿ ಬೆಳಗಿನ ಜಾವ ತೀರಿಕೊಂಡರು. ಸುದ್ದಿ ಹೇಳಲು ಹೊರಟ ಆಳು ಬೇರೆ ಎರಡು ಊರಿಗೆ ಹೇಳಿ ನಮ್ಮ ಮನೆಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅದು ರಾಗಿ ಕೊಯ್ಲಿನ ಕಾಲ. ಎತ್ತುಗಳು ಹೊಲದಲ್ಲಿದ್ದವು. ಅವನ್ನು ಹೊಡೆದುಕೊಂಡು ಬಂದು, ಗಾಡಿ ಕಟ್ಟಿ, ಹೊರಟು, ಅಮ್ಮನ ತವರು ಸೇರುವ ಹೊತ್ತಿಗೆ ದೀಪ ಹಚ್ಚುತ್ತಿದ್ದರು. ಎಲ್ಲ ಮುಗಿದಿತ್ತು. ‘ಗಾಡಿ ಇಳಿದಾಗ ಮಣ್ಣು ಇನ್ನೂ ಹಸಿಯಾಗಿತ್ತು’ ಎಂದು ಅಮ್ಮ ಹೇಳುತ್ತಿದ್ದಳು. ಅದೊಂದೇ ಮಾತು. ಯಾರನ್ನೂ ದೂರಿದ್ದನ್ನು ನಾನು ಕೇಳಲಿಲ್ಲ. ಆದರೆ ಮನೆಯಿಂದ ಯಾರೇ ಹೊರಗೆ ಹೊರಟರೂ ಅವಳು ದೂರ ಕೇಳುತ್ತಿರಲಿಲ್ಲ. ಬರುವುದು ಎಷ್ಟೊತ್ತಿಗೆ ಎಂದೇ ಕೇಳುತ್ತಿದ್ದಳು.

ದೂರ ಅಳೆಯುವ ಕೆಲಸ ನಮ್ಮ ಸೀಮೆಗೆ ಹೊಸದೇನಲ್ಲ. ಟಿಪ್ಪು ಸತ್ತ ಮರುವರ್ಷ, 1800ರ ಕೊನೆಯ ತಿಂಗಳುಗಳಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ದೊರೆ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಾಸಿ ಏಳು ಮೈಲಿಗೂ ಹೆಚ್ಚು ಉದ್ದದ ಒಂದು ನೇರ ಗೆರೆಯನ್ನು ಅಳೆಸಿದ. ಮುಂದೆ ಇಡೀ ಇಂಡಿಯಾವನ್ನೇ ಅಳೆದ ಮಹಾ ಮೋಜಣಿಯ ಪೂರ್ವಸಿದ್ಧತೆ ಅದು. ಅಷ್ಟು ಅಳೆಯಲು ವಾರಗಟ್ಟಲೆ ಹಿಡಿದಿತ್ತು. ವಿಮಾನದಲ್ಲಿ ಕೂತಾಗ ಇದು ನೆನಪಾಗಿ ಲೆಕ್ಕ ಹಾಕಿದೆ. ಅಷ್ಟು ದಾರಿಯನ್ನು ನಾವು ಒಂದು ನಿಮಿಷದೊಳಗೆ ದಾಟಿಬಿಡುತ್ತಿದ್ದೆವು.

ವಿಮಾನದ ಒಳಗೆ ನನಗೆ ಹೆದರಿಕೆಯಾಗಲಿಲ್ಲ. ಬೇಸರವಾಯಿತು. ಮುಂದಿನ ಸೀಟಿನ ಬೆನ್ನಿಗಿರುವ ಪರದೆಯ ಮೇಲೆ ಪುಟ್ಟದೊಂದು ವಿಮಾನ ಇರುವೆಯಂತೆ ಹರಿಯುತ್ತಿತ್ತು. ನಾವು ಗಾಳಿಯ ನದಿ ಹಿಡಿದು ಜಪಾನಿನ ಕಡೆಯಿಂದ ಪೆಸಿಫಿಕ್ ಸಾಗರದ ಮೇಲೆ ಹೊರಟಿದ್ದೆವು. ಇಷ್ಟು ದೂರ ಬಂದಿದ್ದೇವೆ, ಇನ್ನಿಷ್ಟು ದೂರವಿದೆ, ಹೊರಗೆ ಇಷ್ಟು ಚಳಿ ಎಂದು ತೋರಿಸುತ್ತಲೇ ಇತ್ತು. ಸೂರ್ಯ ಮುಳುಗಿದ. ರಾತ್ರಿಯೊಂದು ಬಂತು, ಆದರೆ ಅವಸರದ ರಾತ್ರಿ. ನಾವು ಬೆಳಕಿಗೆ ಎದುರಾಗಿ ಓಡುತ್ತಿದ್ದೆವಲ್ಲ. ಅಂತರರಾಷ್ಟ್ರೀಯ ದಿನರೇಖೆ ದಾಟಿದೆವು. ನಾಲ್ಕು ದಶಕ ಹಿಂದೆ ಟಿ.ಸಿ.ಎಚ್. ಪರೀಕ್ಷೆಗೆ ಉರುಹೊಡೆದಿದ್ದ ಆ ಗೆರೆ ಕಾಣಿಸುತ್ತದೇನೋ ಎಂದು ಕಿಟಕಿಯಲ್ಲಿ ಇಣುಕಿದೆ. ಬರೀ ಮೋಡ.

ಇಳಿದು, ಸಾಲಿನಲ್ಲಿ ನಿಂತು, ಬೆರಳಚ್ಚು ಕೊಟ್ಟು, ಚಟ್ನಿಪುಡಿಯ ಡಬ್ಬಿ ಬಿಚ್ಚಿ ತೋರಿಸಿ ಹೊರಗೆ ಬಂದರೆ ಅಳಿಯ ಒಬ್ಬನೇ ನಿಂತಿದ್ದ. ಕಣ್ಣು ಕೆಂಪಾಗಿತ್ತು. ನನ್ನ ಕಾಲು ಕುಸಿಯಿತು. ‘ಅತ್ತೆ, ಹೆಣ್ಣುಮಗು. ಇಬ್ಬರೂ ಚೆನ್ನಾಗಿದ್ದಾರೆ. ನಿದ್ದೆ ಇಲ್ಲ ಅಷ್ಟೆ’ ಅಂದ. ಹತ್ತು ದಿನ ಮೊದಲೇ ನೋವು ಬಂದು, ಆಪರೇಷನ್ ಮಾಡಿ ಮಗುವನ್ನು ತೆಗೆದಿದ್ದರು. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ. ಆಗ ನಾನು ಸಾಗರದ ಮೇಲಿದ್ದೆ. ಇಳಿಯಲು ಇನ್ನೂ ಮೂರೂವರೆ ಗಂಟೆಯಿತ್ತು. ಮಗಳು ‘ಅಮ್ಮ ಬಂದಳಾ’ ಎಂದು ಕೇಳುತ್ತಿದ್ದ ಹೊತ್ತಿನಲ್ಲಿ ನಾನು ಆ ಇರುವೆಯನ್ನು ನೋಡುತ್ತ ಕೂತಿದ್ದೆ.

ಊರಿಗೆ ಸುದ್ದಿ ಹೇಳಿದಾಗ ಅಲ್ಲಿ ಹೊಸ ಚರ್ಚೆ ಎದ್ದಿತು. ಮಗು ಹುಟ್ಟಿದಾಗ ಸೂಲಿಬೆಲೆಯಲ್ಲಿ ರಾತ್ರಿ ಎರಡು ಗಂಟೆ ನಲವತ್ತು ನಿಮಿಷ, ಗುರುವಾರ. ಇಲ್ಲಿ ಮಧ್ಯಾಹ್ನ, ಬುಧವಾರ. ಹಾಗಾದರೆ ಮಗು ಹುಟ್ಟಿದ್ದು ಯಾವ ವಾರ? ಜಾತಕ ಯಾವ ಲೆಕ್ಕಕ್ಕೆ ಬರೆಸುವುದು? ತಮ್ಮ ಜೋಯಿಸರ ಮನೆಗೆ ಹೋದ. ಅವರು ತಲೆ ಕೆಡಿಸಿಕೊಳ್ಳಲೇ ಇಲ್ಲವಂತೆ. ‘ನಮ್ಮ ಪಂಚಾಂಗದಲ್ಲಿ ದಿನ ಬದಲಾಗೋದು ಸೂರ್ಯೋದಯಕ್ಕೆ, ನಡುರಾತ್ರಿಗಲ್ಲ. ಇಲ್ಲಿ ಸೂರ್ಯ ಹುಟ್ಟಿರಲಿಲ್ಲ, ಆದ್ದರಿಂದ ಇಲ್ಲೂ ಬುಧವಾರವೇ. ಚಂದ್ರ ಒಬ್ಬನೇ, ಆ ಗಳಿಗೆಯಲ್ಲಿ ಅವನು ಯಾವ ನಕ್ಷತ್ರದಲ್ಲಿದ್ದನೋ ಅದು ಎಲ್ಲ ದೇಶಕ್ಕೂ ಒಂದೇ. ಲಗ್ನ ಮಾತ್ರ ಆ ಊರಿನ ಸ್ಥಾನ ಹಿಡಿದು ಗುಣಿಸಬೇಕು’ ಅಂದರಂತೆ. ಹದಿನಾಲ್ಕು ಸಾವಿರ ಕಿಲೋಮೀಟರ್ ಅಂತರವನ್ನು ಒಂದು ಎಲೆಯಡಿಕೆ ಮೆಲ್ಲುವಷ್ಟರಲ್ಲಿ ಅವರು ಬಗೆಹರಿಸಿದ್ದರು.

ಸನಿವೇಲ್‌ನ ದಿನಗಳ ಬಗ್ಗೆ ಹೆಚ್ಚು ಹೇಳಲಾರೆ. ಬಾಣಂತಿ ಸ್ನಾನ, ಮೆಣಸಿನ ಸಾರು, ಮಗುವಿನ ಎಣ್ಣೆನೀರು, ಎಲ್ಲ ಊರಿನಲ್ಲೂ ಇರುವುದೇ. ಅಡುಗೆಮನೆಯ ಗೋಡೆಗೆ ಇನ್ನೊಂದು ಗಡಿಯಾರ ಹಾಕಿಸಿ ಸೂಲಿಬೆಲೆಯ ಸಮಯ ಇಟ್ಟುಕೊಂಡೆ. ನನಗೆ ರಾತ್ರಿ ಎಂಟಾದರೆ ಅಮ್ಮನಿಗೆ ಮಾರನೆಯ ಬೆಳಿಗ್ಗೆ ಎಂಟೂವರೆ. ಅವಳು ಕಾಫಿ ಕುಡಿದು ಜಗುಲಿಗೆ ಬಂದಿರುವ ಹೊತ್ತು. ತಮ್ಮನ ಮಗ ಫೋನು ಹಿಡಿದು ಮುಖ ತೋರಿಸುತ್ತಿದ್ದ. ಅವಳ ಪ್ರಶ್ನೆ ದಿನವೂ ಒಂದೇ: ‘ಮಗಾ ಹಾಲು ಕುಡೀತಾ?’ ನವೆಂಬರಿನ ಮೊದಲ ಭಾನುವಾರ ಆ ದೇಶದವರೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಚಳಿಗಾಲಕ್ಕೆ ಅವರದು ಹಾಗೊಂದು ಪದ್ಧತಿ. ನಮ್ಮ ಮತ್ತು ಅಮ್ಮನ ನಡುವೆ ಹನ್ನೆರಡೂವರೆ ಇದ್ದದ್ದು ಹದಿಮೂರೂವರೆಯಾಯಿತು. ಯಾರೂ ಎಲ್ಲಿಗೂ ಹೋಗಲಿಲ್ಲ, ಆದರೂ ಒಂದು ಗಂಟೆ ದೂರವಾದೆವು.

ಅದಾದ ಕೆಲವೇ ದಿನಕ್ಕೆ, ಮಂಗಳವಾರ ಸಂಜೆ ನಾಲ್ಕೂವರೆಗೆ ತಮ್ಮನ ಫೋನು ಬಂತು. ಊರಿನಲ್ಲಿ ಬುಧವಾರ ಬೆಳಿಗ್ಗೆ ಆರು. ಆ ಹೊತ್ತಿನಲ್ಲಿ ಅವನು ಎಂದೂ ಮಾಡುತ್ತಿರಲಿಲ್ಲ. ಎತ್ತುವ ಮೊದಲೇ ಗೊತ್ತಾಯಿತು.

‘ಅಕ್ಕ, ಅಮ್ಮ ಹೋದಳು’ ಎಂದ. ಮಧ್ಯಾಹ್ನ ನಾಲ್ಕಕ್ಕೆ ಮಣ್ಣು ಮಾಡುವುದೆಂದು ಹಿರಿಯರು ನಿಶ್ಚಯಿಸಿದ್ದರು.

ನನಗೆ ಅಳು ಬರಲಿಲ್ಲ. ಲೆಕ್ಕ ಬಂತು. ಊರಿನ ನಾಲ್ಕು ಗಂಟೆಯೆಂದರೆ ಇಲ್ಲಿ ನಡುರಾತ್ರಿ ಎರಡೂವರೆ. ಇನ್ನು ಹತ್ತು ಗಂಟೆ. ಹದಿನಾಲ್ಕು ಸಾವಿರವನ್ನು ಹತ್ತರಿಂದ ಭಾಗಿಸಿದರೆ ಗಂಟೆಗೆ 1,400 ಕಿಲೋಮೀಟರ್. ಶಬ್ದ ಚಲಿಸುವುದೇ ಗಂಟೆಗೆ 1,200 ಕಿಲೋಮೀಟರ್ ಚಿಲ್ಲರೆ. ಅದಕ್ಕಿಂತ ವೇಗವಾಗಿ ಜನರನ್ನು ಒಯ್ಯುತ್ತಿದ್ದ ಕಾಂಕಾರ್ಡ್ 2003ರಲ್ಲೇ ಹಾರಾಟ ನಿಲ್ಲಿಸಿತ್ತು. ಮಗಳ ಮನೆಯ ಬಾಗಿಲಲ್ಲೇ ವಿಮಾನ ನಿಂತಿದ್ದರೂ ನಾನು ಮುಟ್ಟುವಂತಿರಲಿಲ್ಲ. ಮೂವತ್ತೆರಡು ವರ್ಷ ಕಲಿಸಿದ ಸೂತ್ರ ಒಂದು ಸಾಲಿನಲ್ಲಿ ಉತ್ತರ ಹೇಳಿ ಮುಗಿಸಿತ್ತು. ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

ರಾತ್ರಿ ಎರಡೂವರೆಗೆ ತಮ್ಮನ ಮಗ ಫೋನು ಹಿಡಿದು ನಿಂತ. ನಮ್ಮದೇ ಹೊಲ, ಅಪ್ಪನ ಸಮಾಧಿಯ ಪಕ್ಕ. ಮಗಳು ಹೊಲಿಗೆಯ ನೋವಿನಲ್ಲೂ ಎದ್ದು ಬಂದು ನನ್ನ ಪಕ್ಕ ಕೂತಳು. ಮಗು ನನ್ನ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಪರದೆಯಲ್ಲಿ ಎಲ್ಲ ಕಂಡಿತು, ಎಲ್ಲರ ದನಿಯೂ ಕೇಳಿತು. ನಡುವೆ ಒಂದು ವಿಮಾನ ಇಳಿಯಲು ಬಂತು. ಅದರ ಸದ್ದಿಗೆ ಎರಡು ನಿಮಿಷ ಏನೂ ಕೇಳಿಸಲಿಲ್ಲ. ಅಭ್ಯಾಸಬಲದಿಂದ ಯಾರೋ ಒಬ್ಬರು ತಲೆ ಎತ್ತಿ ನೋಡಿದರು. ನನಗೆ ಅಮ್ಮನ ಮಾತು ನೆನಪಾಯಿತು: ಇದರಲ್ಲಿ ಯಾರ ಮಕ್ಕಳು ಬಂದರೋ. ಆಗ ಅಳು ಬಂತು.

ಮೂರನೆಯ ದಿನದ ಹಾಲುತುಪ್ಪಕ್ಕೂ ನಾನಿರಲಿಲ್ಲ. ನೇರ ವಿಮಾನದಲ್ಲಿ ಸೀಟು ಸಿಗಲಿಲ್ಲ. ಭಾನುವಾರ ಹೊರಟು, ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಹತ್ತಿ, ಮಂಗಳವಾರ ನಡುರಾತ್ರಿ ಕಳೆದು ದೇವನಹಳ್ಳಿಯಲ್ಲಿ ಇಳಿದೆ. ಸೋಮವಾರವೆಂಬ ದಿನ ಮೋಡದ ಮೇಲೆಯೇ ಕಳೆದುಹೋಯಿತು. ಹನ್ನೊಂದನೆಯ ದಿನದ ಕಾರ್ಯಕ್ಕೆ ಇನ್ನೂ ನಾಲ್ಕು ದಿನವಿತ್ತು. ಬೆಳಗಾಗುವುದನ್ನೇ ಕಾದು ಹೊಲಕ್ಕೆ ಹೋದೆ. ಮಣ್ಣು ಒಣಗಿತ್ತು.

ಅಲ್ಲಿಯೇ ತಮ್ಮ ಒಂದು ವಿಷಯ ಹೇಳಿದ. ಅಮ್ಮನಿಗೆ ನಾಲ್ಕು ದಿನದಿಂದ ಸರಿಯಿರಲಿಲ್ಲವಂತೆ. ಫೋನಿನಲ್ಲಿ ನಾನು ನೋಡುವಾಗ ಸೆರಗು ಸರಿಮಾಡಿಕೊಂಡು ಎದ್ದು ಕೂರುತ್ತಿದ್ದಳಂತೆ. ‘ಅಕ್ಕನಿಗೆ ಹೇಳ್ತೀನಿ ಅಂದೆ. ಬೇಡ ಅಂದಳು. ಅವಳನ್ನ ಕರೀಬೇಡ ಕಣೋ, ಕರೆದರೆ ಬಂದ್ಬಿಡ್ತಾಳೆ, ಅಲ್ಲಿ ಹಸುಗೂಸು ಐತೆ ಅಂದಳು.’

ಅವಳಿಗೆ ನಾನು ಕೊಟ್ಟಿದ್ದ ಉತ್ತರ ಒಂದು ದಿನ. ಅದನ್ನು ಅವಳು ನಂಬಿದ್ದಳು. ನಾಲ್ಕು ದಿನ ಕೈಯಲ್ಲಿದ್ದರೂ ಕರೆಯಲಿಲ್ಲ. ತಮ್ಮನ ಮೇಲೆ ಮೊದಲು ಸಿಟ್ಟು ಬಂತು, ಆಮೇಲೆ ಹೋಯಿತು. ಅವನೂ ಅವಳ ಮಗನೇ, ಅವಳ ಮಾತು ನಡೆಸಿದ್ದ.

ಈಗ ಯೋಚಿಸಿದರೆ ಅನಿಸುತ್ತದೆ: ಅವಳ ತಾಯಿ ಇದ್ದದ್ದು ಹತ್ತು ಹನ್ನೆರಡು ಮೈಲಿಯಲ್ಲಿ, ನನ್ನ ತಾಯಿ ಇದ್ದದ್ದು ಹದಿನಾಲ್ಕು ಸಾವಿರ ಕಿಲೋಮೀಟರಿನಲ್ಲಿ. ಇಬ್ಬರಿಗೂ ತಪ್ಪಿದ್ದು ಅದೇ ಗಳಿಗೆ. ಎತ್ತಿನ ಗಾಡಿಯಿಂದ ಬೋಯಿಂಗಿನವರೆಗೆ ವೇಗ ಎಷ್ಟೇ ಬೆಳೆದರೂ, ಅಷ್ಟಕ್ಕಷ್ಟೇ ನಾವು ದೂರ ಹೋಗಿ ಕೂರುತ್ತೇವೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಬರುವ ಉತ್ತರ ಮಾತ್ರ ಹೆಚ್ಚೂಕಡಿಮೆ ಅಲ್ಲಿಯೇ ನಿಂತಿದೆ. ಸುದ್ದಿ ತಲುಪುವ ಹೊತ್ತನ್ನೂ, ‘ಕರೀಬೇಡ’ ಎನ್ನುವ ಮನಸ್ಸನ್ನೂ ನನ್ನ ಸೂತ್ರ ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಪಂಕ್ಚರ್ ಹುಡುಗ ಕೇಳಿದ್ದೂ ಅದನ್ನೇ ಅಲ್ಲವೇ?

ನೇರ ವಿಮಾನಗಳು ಶುರುವಾಗುತ್ತವೆ, ನಿಲ್ಲುತ್ತವೆ. ಅದು ಅವರವರ ವ್ಯಾಪಾರ. ಮೊಮ್ಮಗಳಿಗೆ ಈಗ ಮಾತು ಬಂದಿದೆ. ಮಗಳು ಫೋನಿನಲ್ಲಿ ಎರಡು ಸಲ, ಮೂರು ಸಲ ಕೇಳುತ್ತಾಳೆ, ‘ನಿಜ ಹೇಳು, ಹುಷಾರಾಗಿದ್ದೀಯ ತಾನೇ?’ ಅಜ್ಜಿಯ ಕಥೆ ಅವಳಿಗೆ ಗೊತ್ತಲ್ಲ! ನಾನು ಅವಳಿಗೆ ಮಾತು ಕೊಟ್ಟಿದ್ದೇನೆ. ನನಗೆ ಮೈ ಸರಿಯಿಲ್ಲದಿದ್ದರೆ ಮುಚ್ಚಿಡುವುದಿಲ್ಲ, ಹೇಳುತ್ತೇನೆ. ಬರುವುದು ಬಿಡುವುದು ನಿನ್ನ ಲೆಕ್ಕ ಎಂದು. ಇನ್ನೊಂದು ಮಾತನ್ನೂ ಹೇಳಿದ್ದೇನೆ. ಕರೆಯುವ ಕಾಲಕ್ಕೆ ಕಾಯಬೇಡ, ಸುಮ್ಮನೆ ಒಮ್ಮೆ ಬಾ. ಡಿಸೆಂಬರಿನಲ್ಲಿ ನಮ್ಮ ಕಡೆ ಸೊಗಡು ಅವರೆಕಾಯಿ ಬರುತ್ತದೆ. ಜಗುಲಿಯ ಮೇಲೆ ಕೂತು ಬಿಡಿಸಲು ಜನ ಬೇಕು.